ಮಗಳಿಗೆ ಶಾಲೆಯಲ್ಲಿ ಫಿಟ್ಸ್ ಬಂತು, ಈಗ ಮನೆಯಲ್ಲೇ ಇಟ್ಟುಕೊಳ್ಳಿ ಅಂತಿದ್ದಾರೆ

ತೀರ್ಥಹಳ್ಳಿ ಕಡೆ ಅಮ್ಮ:
ಮಗಳು 4ನೇ ಕ್ಲಾಸು. ಫಿಟ್ಸ್‌ಗೆ ಎರಡು ವರ್ಷದಿಂದ ಮಾತ್ರೆ ಕೊಡ್ತಿದ್ದೇವೆ. ಒಂದು ವರ್ಷದಿಂದ ಏನೂ ಆಗಿರಲಿಲ್ಲ, ಹಾಗಾಗಿ ಶಾಲೆಯಲ್ಲಿ ಹೇಳಿರಲೂ ಇಲ್ಲ. ಹೋದ ವಾರ ಮಳೆಗೆ ಸಂಕ (ಹಳ್ಳದ ಕಾಲುಸೇತುವೆ) ದಾಟೋಕೆ ಆಗದೆ ಮಾತ್ರೆ ತರಲು ಪೇಟೆಗೆ ಹೋಗಲಿಲ್ಲ, ಎರಡು ದಿನ ತಪ್ಪಿತು. ಮಾರನೇ ದಿನ ಪ್ರಾರ್ಥನೆಗೆ ನಿಂತಲ್ಲೇ ಬಿದ್ದಿದ್ದಾಳೆ. ಯಾರೋ ಕೈಗೆ ಬೀಗದ ಕೀ ಗೊಂಚಲು ಹಿಡಿಸಿ, ಬಾಯಿಗೆ ಚಮಚ ತುರುಕಿದ್ದಾರೆ. ನಾನು ಹೋಗೋ ಹೊತ್ತಿಗೆ ತುಟಿ ಒಡೆದಿತ್ತು, ಅಂಗೈಯಲ್ಲಿ ಕೀ ಹಲ್ಲಿನ ಗುರುತು ಹಾಗೇ ಮೂಡಿತ್ತು. ಪೂರ್ತಿ ವಾಸಿ ಆಗೋವರೆಗೆ ಕಳಿಸಬೇಡಿ ಅಂತಾರೆ ಶಾಲೆಯವರು. ಇವಳು ದಿನಾ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಜಗಲಿಯಲ್ಲಿ ಕೂರ್ತಾಳೆ. ಏನು ಮಾಡ್ಲಿ?

ಸಾಗರದ ಮೇಷ್ಟ್ರು:
ಕಳಿಸಿ ಅಕ್ಕ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 8ನೇ ಕ್ಲಾಸು ಮುಗಿಯೋವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ. ಆದರೆ ಮೊದಲೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಬೇಡಿ, ಶಾಲೆಯವರು ಹೆದರಿದ್ದಾರೆ ಅಷ್ಟೇ. ನಾನೂ ಮೊದಲ ಸಲ ನೋಡಿದಾಗ ಕೈಕಾಲು ನಡುಗಿತ್ತು. ಡಾಕ್ಟರ್ ಹತ್ತಿರ ಒಂದು ಚೀಟಿ ಬರೆಸಿಕೊಂಡು ಹೋಗಿ ಕೂತು ಮಾತಾಡಿ. ಹೇಳಬೇಕಾದ್ದು ಇಷ್ಟೇ: ಸುತ್ತಲಿನ ಬೆಂಚು, ಕಲ್ಲು ಸರಿಸಿ, ತಲೆ ಕೆಳಗೆ ಸ್ವೆಟರ್ ಇಡಿ, ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಏನೂ ಹಾಕಬೇಡಿ, ಪೂರ್ತಿ ಎಚ್ಚರ ಆಗೋವರೆಗೆ ನೀರೂ ಬೇಡ. ಕಬ್ಬಿಣ, ಈರುಳ್ಳಿಯಿಂದ ಫಿಟ್ಸ್ ನಿಲ್ಲೋದಿಲ್ಲ, ಹೆಚ್ಚಿನ ಸಲ ಎರಡು ಮೂರು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಹಾಗಾಗಿ ಕೀ ಹಿಡಿಸಿದ್ದಕ್ಕೇ ನಿಂತಿತು ಅಂತ ನಂಬಿಬಿಡ್ತಾರೆ. 5 ನಿಮಿಷ ದಾಟಿದರೆ 108. ನಮ್ಮ ಕಡೆ ಗಾಡಿ ಬರೋದು ತಡ, ನೆಟ್‌ವರ್ಕೂ ಇರಲ್ಲ, ಅದಕ್ಕೇ ಫಿಟ್ಸ್ ನಿಲ್ಲಿಸೋಕೆ ಮೂಗಿಗೆ ಹೊಡೆಯೋ ಮಿಡಜೋಲಾಮ್ ಸ್ಪ್ರೇ ಬೇಕಾ ಅಂತ ಡಾಕ್ಟರನ್ನು ಕೇಳಿ.

ಬಿಸಿಯೂಟದ ಅಕ್ಕಂದಿರಿಗೂ ಹೇಳಿ. ಬೀಳೋದು ಮೇಷ್ಟ್ರ ಎದುರಿಗೇ ಅಂತ ಇಲ್ಲವಲ್ಲ.

ಶಿವಮೊಗ್ಗದಿಂದ:
ನನಗೂ ಚಿಕ್ಕಂದಿನಲ್ಲಿ ಇತ್ತು. ಬೀಳ್ತಿರಲಿಲ್ಲ, ಹತ್ತು ಸೆಕೆಂಡ್ ಸುಮ್ನೆ ಎಲ್ಲೋ ನೋಡ್ತಾ ನಿಂತುಬಿಡ್ತಿದ್ದೆ. ಉಕ್ತಲೇಖನದಲ್ಲಿ ನಡುವೆ ಒಂದೊಂದು ಪದ ಹಾರಿಹೋಗ್ತಿತ್ತು, ಗಮನವಿಲ್ಲ ಅಂತ ಏಟು ಬೀಳ್ತಿತ್ತು. ಅದೂ ಫಿಟ್ಸೇ ಅಂತ ಗೊತ್ತಾಗಿದ್ದು ಎಷ್ಟೋ ಆಮೇಲೆ. ಇದನ್ನೂ ಟೀಚರ್‌ಗೆ ಹೇಳಿಡಿ. ಮತ್ತೆ ದಯವಿಟ್ಟು ಅವಳ ಆಟ ನಿಲ್ಲಿಸಬೇಡಿ. ಹೊಳೆ, ಕೆರೆಗೆ ಒಬ್ಬಳೇ ಬೇಡ, ಮರ ಹತ್ತೋದು ಬೇಡ. ಖೋಖೋ ಆಡಲಿ. ಎಲ್ಲರೂ ಆಡುವಾಗ ನನ್ನನ್ನು ಚಪ್ಪಲಿ ಕಾಯಲು ಕೂರಿಸ್ತಿದ್ದರು, ಅದು ಇವತ್ತಿಗೂ ನೋವಾಗುತ್ತೆ.

ತೀರ್ಥಹಳ್ಳಿ ಕಡೆ ಅಮ್ಮ:
ಇಬ್ಬರಿಗೂ ಕೈಮುಗಿಯುತ್ತೇನೆ. ನಿನ್ನೆ ಚೀಟಿ ಹಿಡಿದು ಹೋಗಿದ್ದೆ. ಹೆಡ್‌ಮೇಷ್ಟ್ರು ಎರಡು ಸಲ ಓದಿ ಬೀರುವಿನ ಬಾಗಿಲಿಗೆ ಅಂಟಿಸಿದರು. ಮಳೆಗಾಲ ಮುಗಿಯೋವರೆಗೂ ಸಾಕಾಗುವಷ್ಟು ಮಾತ್ರೆ ತಂದಿಟ್ಟಿದ್ದೇವೆ. ಪಕ್ಕ ಕೂರೋ ಹುಡುಗಿ ಆಗಲೇ ಕೇಳಿದಳಂತೆ, ಯಾವ ಮಗ್ಗುಲಿಗೆ ಮಲಗಿಸಬೇಕು ಅಂತ. ಸೋಮವಾರ ಕಳಿಸ್ತೀನಿ.