ಅಜ್ಜನ ಲಾಗ್‌ಬುಕ್ ಸಿಕ್ಕಿದೆ, ಅವರ ಬಗ್ಗೆ ಬರೆಯೋದು ಹೇಗೆ?

ಪ್ರಶ್ನೆ: ವಾಯುಪಡೆಯಲ್ಲಿ ಪೈಲಟ್ ಆಗಿದ್ದ ನಮ್ಮ ಅಜ್ಜ ಹೋದ ತಿಂಗಳು ತೀರಿಕೊಂಡರು. ನಿವೃತ್ತಿಯಾದ ಮೇಲೆ ದಾವಣಗೆರೆಗೇ ಬಂದು ನೆಲೆಸಿದ್ದರು, ದಿನಾ ಬೆಳಿಗ್ಗೆ ಕುಂದವಾಡ ಕೆರೆ ಹತ್ತಿರ ವಾಕಿಂಗ್, ಭಾನುವಾರ ಬಂತೆಂದರೆ ಮೊಮ್ಮಕ್ಕಳಿಗೆಲ್ಲ ಬೆಣ್ಣೆದೋಸೆ ಕಟ್ಟಿಸಿಕೊಂಡು ಬರುತ್ತಿದ್ದರು. ಯುದ್ಧದ ಮಾತು ಮಾತ್ರ ಎತ್ತುತ್ತಿರಲಿಲ್ಲ. ಈಗ ಟ್ರಂಕ್‌ನಲ್ಲಿ ಅವರ ಹಾರಾಟದ ಲೆಕ್ಕ ಬರೆದಿಡುತ್ತಿದ್ದ ಲಾಗ್‌ಬುಕ್ ಸಿಕ್ಕಿದೆ, 1971ರ ಡಿಸೆಂಬರ್ ಪುಟದಲ್ಲಿ ‘ಮಾರುತ್’ ಅಂತಿದೆ. ವರ್ಷದ ತಿಥಿಯೊಳಗೆ ಸಣ್ಣ ಪುಸ್ತಕ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಮಾರುತ್ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದ ಯುದ್ಧವಿಮಾನ ಕಣ್ರೀ! ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ್ದು, 1961ರಲ್ಲಿ ಮೊದಲ ಸಲ ಹಾರಿತು. ಎರಡು ಎಂಜಿನ್ ಇದ್ದರೂ ಶಕ್ತಿ ಸಾಲದು ಅನ್ನೋ ಕೊರಗಿತ್ತು. ಆದರೂ 1971ರ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದನ್ನೇ ತಗ್ಗಿನಲ್ಲಿ ಹಾರಿಸಿ ದಾಳಿ ಮಾಡಿದರು, ಅದಕ್ಕೆ ಎಂಥ ಗುಂಡಿಗೆ ಬೇಕು ಅಲ್ವಾ? ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಒಂದು ಮಾರುತ್ ಇದೆ, ಮನೆಯವರೆಲ್ಲ ಹೋಗಿ ನೋಡಿ.

ಉತ್ತರ 2: ನಾನು ಚಿತ್ರದುರ್ಗದವನು, ನಮ್ಮಪ್ಪನೂ ಸೇನೆಯಲ್ಲಿದ್ದರು. ಲಾಗ್‌ಬುಕ್‌ಗೆ ಲ್ಯಾಮಿನೇಷನ್ ಮಾಡಿಸಬೇಡಿ, ಒಂದೊಂದೇ ಪುಟದ ಫೋಟೋ ತೆಗೆದಿಡಿ. ಆದರೆ ಅದರಲ್ಲಿ ಸಿಗೋದು ತಾರೀಖು, ವಿಮಾನ, ಹಾರಿದ ಗಂಟೆ ಅಷ್ಟೇ. ಆ ಡಿಸೆಂಬರ್‌ನಲ್ಲಿ ಮನೆಯಲ್ಲಿ ಯಾರಿದ್ದರು, ಕಾಗದ ಬರುತ್ತಿತ್ತಾ, ರೇಡಿಯೋ ಹಾಕಿದಾಗ ಎದೆ ಹೇಗಾಗುತ್ತಿತ್ತು ಅಂತ ಅಜ್ಜಿಯನ್ನು ಕೇಳಿ. ತಡಮಾಡಬೇಡಿ, ನಾನು ಅಮ್ಮನನ್ನು ಕೇಳೋದು ಬಿಟ್ಟು ಈಗ ಕೊರಗುತ್ತಿದ್ದೇನೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಅಣ್ಣ. ಸಂಜೆ ಅಜ್ಜಿ ಪಕ್ಕ ಕೂತು ಕೇಳಿದೆ. ಸುಮ್ನೆ ಎದ್ದು ಹೋಗಿ ಸೀರೆ ಮಡಿಕೆಯಿಂದ ಒಂದು ಕಟ್ಟು ಇನ್‌ಲ್ಯಾಂಡ್ ಲೆಟರ್ ತಂದುಕೊಟ್ಟರು.