ಲೈಟರ್‌ಗೆ ಸೆಲ್ ಇಲ್ಲ, ಕಿಡಿ ಎಲ್ಲಿಂದ?

ಪ್ರಶ್ನೆ: ನಮಸ್ಕಾರ ಸರ್. ಮಗಳು ಒಂಬತ್ತನೇ ಕ್ಲಾಸು. ಸೈನ್ಸ್ ಪ್ರಾಜೆಕ್ಟ್‌ಗೆ 'ಪೀಜೋಎಲೆಕ್ಟ್ರಿಕ್' ಆರಿಸಿಕೊಂಡಿದ್ದಾಳೆ. ಆ ಪದದ ಅರ್ಥ ಏನು? ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್‌ನಲ್ಲಿ ಅಷ್ಟು ಜನ ಓಡಾಡುತ್ತಾರಲ್ಲ, ನೆಲದ ಕೆಳಗೆ ಇದನ್ನು ಹಾಕಿದರೆ ಫೋನ್ ಚಾರ್ಜ್ ಆಗುತ್ತೆ ಅಂತ ಬರೆಯಬಹುದಾ?

ಉತ್ತರ: ಮೇಡಂ, ಪೀಜೋ ಅನ್ನೋದು ಗ್ರೀಕ್ ಮೂಲದ್ದು, ಒತ್ತು, ಹಿಂಡು ಅಂತ ಅರ್ಥ. ಒತ್ತಿದರೆ ಕರೆಂಟ್ ಹುಟ್ಟಿಸುವ ಗುಣ ಕೆಲವು ಹರಳುಗಳಿಗಿದೆ, ಆ ಗುಣದ ಹೆಸರು ಇದು. 1880ರಲ್ಲಿ ಇದನ್ನು ತೋರಿಸಿಕೊಟ್ಟವರು ಅಣ್ಣತಮ್ಮಂದಿರಾದ ಜಾಕ್ ಮತ್ತು ಪಿಯರ್ ಕ್ಯೂರಿ. ಅವರು ಪರೀಕ್ಷೆ ಮಾಡಿದ್ದರಲ್ಲಿ ಕ್ವಾರ್ಟ್ಜ್ (ಬೆಣಚುಕಲ್ಲಿನ ಹರಳು) ಜೊತೆ ಕಬ್ಬಿನ ಸಕ್ಕರೆಯ ಹರಳೂ ಇತ್ತು. ಅಂದರೆ ನಮ್ಮ ಕಲ್ಲುಸಕ್ಕರೆಗೂ ಈ ಗುಣ ಇದೆ, ಮಗಳಿಗೆ ಇದನ್ನು ಖಂಡಿತ ಹೇಳಿ!

ಅಡುಗೆಮನೆಯ ಗ್ಯಾಸ್ ಲೈಟರ್ ನೋಡಿ. ಒಳಗೆ ಸೀಮೆಸುಣ್ಣದ ಚೂರಿನಂಥ ಸೆರಾಮಿಕ್ ತುಂಡು, ಪಕ್ಕದಲ್ಲಿ ಸ್ಪ್ರಿಂಗ್ ಕಟ್ಟಿದ ಪುಟ್ಟ ಸುತ್ತಿಗೆ. ನೀವು ಒತ್ತುತ್ತಾ ಹೋದಂತೆ ಸ್ಪ್ರಿಂಗ್ ಬಿಗಿಯುತ್ತೆ, ಒಂದು ಹಂತದಲ್ಲಿ ಬಿಟ್ಟುಕೊಂಡು ಸುತ್ತಿಗೆ ಸೆರಾಮಿಕ್ಕಿಗೆ ಬಡಿಯುತ್ತೆ, ಆ 'ಟಕ್' ಸದ್ದು ಅದೇ. ಹೊಡೆತಕ್ಕೆ ಒಳಗಿನ ಪ್ಲಸ್ ಮೈನಸ್ ಚಾರ್ಜ್‌ಗಳು ಚೂರು ಸರಿದು ಸಾವಿರಾರು ವೋಲ್ಟ್ ಬರುತ್ತೆ, ಕಿಡಿ ಹಾರುತ್ತೆ.

ಆದರೆ ವೋಲ್ಟ್ ಜಾಸ್ತಿ ಅಂದ ಮಾತ್ರಕ್ಕೆ ಶಕ್ತಿ ಜಾಸ್ತಿ ಅಲ್ಲ. ಮೆಟ್ರೋ ಲೆಕ್ಕ ಕೆಡೋದು ಇಲ್ಲೇ. 60 ಕೆ.ಜಿ. ತೂಕದವರು ಕಾಲಿಟ್ಟಾಗ ಹಲಗೆ 1 ಮಿಲಿಮೀಟರ್ ತಗ್ಗಿತು ಅಂದುಕೊಳ್ಳಿ, ಸಿಗೋದು ಸುಮಾರು 0.6 ಜೌಲ್ (ಜೌಲ್ ಅಂದರೆ ಶಕ್ತಿಯ ಅಳತೆ), ಅದೂ ಪೂರ್ತಿ ಕರೆಂಟ್ ಆದರೆ. 5000 ಎಂ.ಎ.ಎಚ್. ಫೋನ್ ಬ್ಯಾಟರಿಗೆ ಸುಮಾರು 70,000 ಜೌಲ್ ಬೇಕು. ಲಕ್ಷಕ್ಕಿಂತ ಜಾಸ್ತಿ ಹೆಜ್ಜೆ ಆಯ್ತು! ಚಾರ್ಜ್ ಆಗುತ್ತೆ ಅಂತ ಸುಮ್ನೆ ಬರೆಯಬೇಡಿ, ಈ ಲೆಕ್ಕವನ್ನೇ ಬರೆಸಿ.

ಇನ್ನೊಬ್ಬ ಸದಸ್ಯರು: ಸರ್, ವಾಚ್ ಮೇಲೆ ಕ್ವಾರ್ಟ್ಜ್ ಅಂತ ಇರುತ್ತಲ್ಲ, ಅದೂ ಇದೇನಾ?

ಉತ್ತರ: ಹೌದು, ಆದರೆ ಉಲ್ಟಾ. ಅಲ್ಲಿ ಸೆಲ್ಲಿನ ಕರೆಂಟ್‌ಗೆ ಹರಳು ಅದುರುತ್ತೆ, ಸಾಮಾನ್ಯವಾಗಿ ಸೆಕೆಂಡಿಗೆ 32,768 ಸಲ. ಅದನ್ನು ಎಣಿಸಿ ಮುಳ್ಳು ಓಡಿಸುತ್ತಾರೆ. ಹೊಟ್ಟೆ ಸ್ಕ್ಯಾನ್ ಮಾಡುವಾಗ ಮೈಮೇಲೆ ಒಂದು ಉಪಕರಣ ಆಡಿಸುತ್ತಾರಲ್ಲ, ಅದರೊಳಗೆ ಎರಡೂ ಕೆಲಸ ನಡೆಯುತ್ತೆ. ಅದುರಿ ಶಬ್ದ ಕಳಿಸುತ್ತೆ, ವಾಪಸ್ ಬಂದ ಶಬ್ದದ ಒತ್ತಡಕ್ಕೆ ಕರೆಂಟ್ ಕೊಡುತ್ತೆ. ನನ್ನ ಕೇಳಿದರೆ ಪೀಜೋಗೆ ಒಗ್ಗೋದು ಇಂಥ ಕೆಲಸವೇ.

ಪ್ರಶ್ನೆ ಕೇಳಿದವರು: ಹಾಗಾದರೆ ಪ್ರಾಜೆಕ್ಟ್‌ಗೆ ಏನು ಮಾಡಿಸಲಿ ಸರ್?

ಉತ್ತರ: ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 'ಪೀಜೋ ಡಿಸ್ಕ್' ಅಂತ ಕೇಳಿ. ಹಿತ್ತಾಳೆ ಬಿಲ್ಲೆ, ನಡುವೆ ಬಿಳಿ ಸೆರಾಮಿಕ್, ಎರಡು ವೈರು. ವೈರಿಗೆ ಒಂದು ಕೆಂಪು ಎಲ್‌ಇಡಿ ಸಿಕ್ಕಿಸಿ, ರೂಮಿನ ಲೈಟ್ ಆಫ್ ಮಾಡಿ, ಬಿಲ್ಲೆಯನ್ನು ಬೆರಳಿನಿಂದ ತಟ್ಟಲಿ. ತಟ್ಟಿದಾಗೆಲ್ಲ ಮಿಣುಕುತ್ತೆ, ಸುಮ್ಮನೆ ಒತ್ತಿ ಹಿಡಿದರೆ ಆರಿಹೋಗುತ್ತೆ. ಯಾಕೆ ಅಂತ ಮೊದಲು ಅವಳೇ ಯೋಚಿಸಲಿ ಮೇಡಂ.