ಅಪ್‌ಡೇಟ್: ಶಿರಸಿಯಲ್ಲಿ ಒಲಿಂಪಸ್ ಕತ್ತಿ

ಹೋದ ತಿಂಗಳು ಎರಡು ಪ್ರಶ್ನೆ ಕೇಳಿದ್ದೆ. ‘ಗಾಡ್ ಆಫ್ ವಾರ್ 2’ ವಿಡಿಯೋ ಗೇಮಿನ ಬ್ಲೇಡ್ ಆಫ್ ಒಲಿಂಪಸ್ ಅನ್ನೋ ಕತ್ತಿ ನಿಜಕ್ಕೂ ಗ್ರೀಕ್ ಪುರಾಣದಲ್ಲಿದೆಯಾ? ಅಕ್ಕನ ಮಗನ ಶಾಲೆ ಗ್ಯಾದರಿಂಗಿಗೆ ಅದನ್ನು ಯಾವುದರಲ್ಲಿ ಮಾಡಲಿ?

ಮೊದಲನೆಯದಕ್ಕೆ ನೀವು ಹೇಳಿದ್ದೇ ಸರಿ. ಇಲ್ಲ. 2007ರ ಆ ಗೇಮಿನವರೇ ಹುಟ್ಟಿಸಿದ ಕತ್ತಿ ಅದು. ಟೈಟನ್‌ಗಳೆಂಬ ಹಳೆಯ ದೇವತೆಗಳ ಜೊತೆಗಿನ ಯುದ್ಧ ಮುಗಿಸಲು ದೇವರಾಜ ಜ್ಯೂಸ್ ಇದನ್ನು ಮಾಡಿದ ಅನ್ನೋದು ಗೇಮಿನ ಕತೆ. ಪುರಾಣದಲ್ಲಿ ಅದೇ ಯುದ್ಧಕ್ಕೆ ಅವನ ಆಯುಧ ಸಿಡಿಲು. ಕೊಟ್ಟವರು ಒಕ್ಕಣ್ಣಿನ ಸೈಕ್ಲೋಪ್‌ಗಳು. ನಮ್ಮ ಇಂದ್ರನ ವಜ್ರಾಯುಧದ ಹಾಗೇ, ಅಲ್ವಾ? ಕತ್ತಿಯೇ ಬೇಕೆಂದರೆ ಹಾವುಗೂದಲಿನ ಮೆಡೂಸಾಳ ತಲೆ ಕಡಿದ ವೀರ ಪರ್ಸಿಯಸ್‌ನ ‘ಹಾರ್ಪೆ’ ಇದೆ. ಅದು ಕುಡುಗೋಲಿನಂತೆ ಬಾಗಿದ್ದು. ಹುಡುಗನಿಗೆ ತೋರಿಸಿದೆ. ‘ಇದು ಹುಲ್ಲು ಕೊಯ್ಯೋದು’ ಅಂದ. ಮುಗೀತು.

ಎರಡನೆಯದಕ್ಕೆ ನೀವು ಕೊಟ್ಟ ಥರ್ಮಾಕೋಲ್ ಸಲಹೆ ಮಾತ್ರ ಕೈಕೊಟ್ಟಿತು. ಚಿಕ್ಕು ಮರಕ್ಕೆ ಒಂದೇಟು, ಎರಡು ತುಂಡು. ಕೊನೆಗೆ ಯಕ್ಷಗಾನದ ವೇಷಭೂಷಣ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಹಗುರ ಮರದಲ್ಲಿ ಕೆತ್ತಿ, ಹಿಡಿಗೆ ಬೇಗಡೆ ಅಂಟಿಸಿ ಕೊಟ್ಟರು.

‘ಯಾವ ಪ್ರಸಂಗದ್ದು ತಮ್ಮಾ ಇದು?’ ಅಂತ ಕೇಳಿದರು. ಜ್ಯೂಸ್ ಇದೇ ಕತ್ತಿಯಿಂದ ಗೇಮಿನ ನಾಯಕ ಕ್ರೇಟೋಸ್‌ನನ್ನು ಇರಿಯುತ್ತಾನೆ, ಆಮೇಲೆ ಕ್ರೇಟೋಸ್‌ಗೆ ತಾನು ಜ್ಯೂಸ್‌ನ ಮಗನೇ ಅಂತ ಗೊತ್ತಾಗುತ್ತದೆ ಅಂದೆ. ‘ಹಂಗಾರೆ ಬಭ್ರುವಾಹನ ಕಾಳಗವೇ’ ಅಂದರು. ದುಡ್ಡೂ ಜಾಸ್ತಿ ತಗೊಳ್ಳಲಿಲ್ಲ.

ಈಗ ಒಂದೇ ತೊಂದರೆ. ಕತ್ತಿ ಹುಡುಗನಿಗಿಂತ ಗೇಣುದ್ದ ಎತ್ತರ. ಶಾಲೆಯ ಟೆಂಪೋದಲ್ಲಿ ಹಿಡಿಸುತ್ತಿಲ್ಲ.